ಸೆರಗು ಹಾವು

ಅಪಾರ್ಟ್‌ಮೆಂಟುಗಳಲ್ಲಿ ಹಾವು ಸಾಕುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕು ಹತ್ತು ಹನ್ನೆರಡು ವರ್ಷಗಳಾಗಿದ್ದವು. ಮೊದಮೊದಲು ಪತ್ರಿಕೆಗಳಲ್ಲಿ ಗದ್ದಲವಾಯಿತು. ಲಿಫ್ಟಿನಲ್ಲಿ ಹಾವಿನ ಡಬ್ಬಿ ಹಿಡಿದು ನಿಂತವರನ್ನು ಕಂಡು ಜನ ಮೆಟ್ಟಿಲ ದಾರಿ ಹಿಡಿದರು. ಆಮೇಲೆ ಎಲ್ಲ ರೂಢಿಯಾಯಿತು. ನಾಯಿ ಬೊಗಳಿದರೆ ಪಕ್ಕದ ಮನೆಯವರು ದೂರು ಕೊಡುತ್ತಾರೆ, ಬೆಕ್ಕು ಸೋಫಾ ಪರಚುತ್ತದೆ. ಹಾವು ಸುಮ್ಮನಿರುತ್ತದೆ. ವಾರಕ್ಕೊಮ್ಮೆ ಫ್ರೀಜರಿನಿಂದ ತೆಗೆದ ಇಲಿಯೊಂದನ್ನು ಬೆಚ್ಚಗೆ ಮಾಡಿ ಕೊಟ್ಟರೆ ಅದರ ಊಟ ಮುಗಿಯಿತು.

ಹೀಗೆ ಮನೆಗಳೊಳಗೆ ಬಂದದ್ದು ನಮ್ಮ ಹೊಲಗಳ ಹಾವಲ್ಲ, ಆಫ್ರಿಕಾದ ಗಿಡ್ಡ ಹೆಬ್ಬಾವು. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎಂದು ಹೆಸರು. ವಿಷವಿಲ್ಲ, ಅವಸರವಿಲ್ಲ. ಹುಟ್ಟುಬಣ್ಣ ಕಂದು. ಆದರೆ ಕಂದು ಹಾವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಜನಕ್ಕೆ ಬೇಕಾದದ್ದು ಬೆಣ್ಣೆಹಳದಿ, ಹಾಲುಬಿಳಿ, ಇಟ್ಟಿಗೆಗೆಂಪು, ಗೋಡೆಗೂ ಪರದೆಗೂ ಒಪ್ಪುವ ಬಣ್ಣಗಳು. ಅಂಥ ಹಾವುಗಳನ್ನು ಹುಟ್ಟಿಸುವ ಸಂಸ್ಥೆಯೊಂದು ಧಾರವಾಡದ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿತ್ತು. ಹೆಸರು ಬಣ್ಣದಮನೆ. ಶಾಂಭವಿ ಕುಬಸದ ಅಲ್ಲಿಯ ಮುಖ್ಯ ತಳಿವಿಜ್ಞಾನಿ.

ಬಣ್ಣದಮನೆಗೆ ಹೆಸರು ತಂದುಕೊಟ್ಟದ್ದು ಸೆರಗು ಹಾವು. ಒಂದು ವರ್ಷ ಕಂದು ಹಾವೊಂದರ ಮೊಟ್ಟೆಯಿಂದ, ಯಾರೂ ಎಣಿಸದೆ, ಆ ಮೊದಲ ಮರಿ ಹೊರಗೆ ಬಂದಿತ್ತು. ಮೈ ಕೆಂಪು, ಅದರ ಮೇಲೆ ಎರಡೂ ಪಕ್ಕದಿಂದ ಏರಿಬಂದ ಬಿಳಿಯ ಗೋಪುರಗಳು. ಇಳಕಲ್ ಸೀರೆಯ ಸೆರಗನ್ನು ಸುರುಳಿ ಸುತ್ತಿ ಇಟ್ಟಂತೆ ಕಾಣುತ್ತಿತ್ತು. ಮರಿಯನ್ನು ಮೊದಲು ಅಂಗೈಯಲ್ಲಿ ಎತ್ತಿಕೊಂಡವಳು ಶಾಂಭವಿ. ಅದರ ತಲೆ ಸಣ್ಣಗೆ ಅಲ್ಲಾಡುತ್ತಿದ್ದುದನ್ನು ಮೊದಲು ಕಂಡವಳೂ ಆಕೆಯೇ.

ಹಾವಿನ ಬಣ್ಣದ ಲೆಕ್ಕ ಸರಳ. ಪ್ರತಿ ಜೀನ್‌ಗೂ ಎರಡು ಪ್ರತಿ. ತಾಯಿಯಿಂದ ಒಂದು, ತಂದೆಯಿಂದ ಒಂದು. ಕೆಲವು ಬಣ್ಣಗಳು ಎರಡೂ ಪ್ರತಿ ಕೂಡಿದರೆ ಮಾತ್ರ ಮೈಮೇಲೆ ಬರುತ್ತವೆ, ಒಂದೇ ಇದ್ದರೆ ಕಂದು ಚರ್ಮದಡಿ ತಲೆಮಾರುಗಟ್ಟಲೆ ಅಡಗಿ ಕೂರುತ್ತವೆ. ಸೆರಗಿಗೆ ಅಡಗುವುದು ಗೊತ್ತಿರಲಿಲ್ಲ. ಒಂದು ಪ್ರತಿ ಇದ್ದರೂ ಮೈತುಂಬ ಕಾಣುತ್ತಿತ್ತು. ಸೆರಗು ಹೆಣ್ಣಿಗೆ ಕಂದು ಗಂಡನ್ನು ಜೋಡಿ ಮಾಡಿದರೆ ಮರಿಗಳಲ್ಲಿ ಅರ್ಧ ಸೆರಗು, ಅರ್ಧ ಕಂದು. ಸೆರಗಿಗೆ ಸೆರಗನ್ನೇ ಜೋಡಿಸಿದರೆ ಕಾಲು ಭಾಗ ಮರಿಗಳಿಗೆ ಎರಡೂ ಪ್ರತಿ ಸಿಕ್ಕು, ಅವು ಮೊಟ್ಟೆಯೊಳಗೇ ಸತ್ತಿರುತ್ತಿದ್ದವು. ಹಾಗಾಗಿ ಸೆರಗು ಗಂಡುಗಳನ್ನು ಸಂಸ್ಥೆ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಗಿರಾಕಿಗಳು ತಾವೇ ಮರಿ ಮಾಡಿಸಿ ಮಾರದಿರಲೆಂದು ಹೊರಗೆ ಹೋಗುವ ಪ್ರತಿ ಹಾವಿಗೂ ಶಸ್ತ್ರಚಿಕಿತ್ಸೆ ಮಾಡಿಯೇ ಕಳಿಸುತ್ತಿದ್ದರು. ಮುಂದಿನ ಪೀಳಿಗೆಯನ್ನು ಹೆರಬಲ್ಲ ಸೆರಗು ಹಾವುಗಳೆಂದರೆ ಬಣ್ಣದಮನೆಯ ಎರಡನೆಯ ಹಾಲ್‌ನಲ್ಲಿದ್ದ ಹೆಣ್ಣುಗಳು ಮಾತ್ರ.

ಕಂದು ಹುಟ್ಟಿದ ಅರ್ಧ ಮರಿಗಳಿಗೆ ಕೊಳ್ಳುವವರಿರಲಿಲ್ಲ. ಅವು ಸಾಯಲೆಂದು ಚುಚ್ಚುಮದ್ದು ಕೊಡುವ ಕೆಲಸವನ್ನು ಶಾಂಭವಿ ಸಹಾಯಕರಿಗೆ ಬಿಡದೆ ತಾನೇ ಮಾಡುತ್ತಿದ್ದಳು. ಮೊದಲ ವರ್ಷ ಆಕೆಗೆ ಅನ್ನ ಸೇರಿರಲಿಲ್ಲ. ಎರಡನೆಯ ವರ್ಷ ಸೇರಿತು. ಆಮೇಲಿನ ವರ್ಷಗಳಲ್ಲಿ ಆ ಕೆಲಸ ಮುಗಿಸಿ, ಕೈ ತೊಳೆದು, ಡಬ್ಬಿ ಬಿಚ್ಚಿ, ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ತಿನ್ನುವಾಗ ತನಗೆ ಏನೂ ಆಗುತ್ತಿಲ್ಲ ಎನ್ನುವುದು ಆಕೆಯ ಗಮನಕ್ಕೆ ಬಂದಿತ್ತು. ಕಾಲು ಜೋಮು ಹಿಡಿದಾಗ ಮುಟ್ಟಿದ್ದು ತಿಳಿಯುತ್ತದೆ, ಯಾರ ಕಾಲೆಂದು ತಿಳಿಯುವುದಿಲ್ಲ, ಹಾಗೆ. ಅದರ ಬಗ್ಗೆ ಹೆದರಿಕೆಯೂ ಆಗಲಿಲ್ಲ.

ಶಾಂಭವಿಯ ಹಣೆಯ ಮೇಲೆ ಹುಟ್ಟಿನಿಂದಲೇ ಒಂದು ಬಿಳಿ ಕೂದಲ ಎಳೆ ಇತ್ತು. ಸಂಸ್ಥೆಯ ಮಾಲೀಕ ವಿರೂಪಾಕ್ಷ ನರೇಗಲ್ ಅದನ್ನು ಬಿಡಲಿಲ್ಲ. ಹೆಗಲ ಮೇಲೆ ಸೆರಗು ಹಾವನ್ನು ಇಳಿಬಿಟ್ಟು ಆಕೆಯ ಫೋಟೋ ತೆಗೆಸಿ, ಕೆಳಗೆ ‘ಸೆರಗಿನ ತಾಯಿ’ ಎಂದು ಬರೆಸಿ ಜಾಹೀರಾತು ಹಾಕಿಸಿದ. ಆಕೆ ಬೇಡವೆನ್ನಲಿಲ್ಲ. ಬೇಕೆಂದೂ ಅನ್ನಲಿಲ್ಲ.

*

ತಲೆ ಅಲ್ಲಾಡುವುದು ಮರಿಗಳಲ್ಲಿ ಅಷ್ಟು ಕಾಣುತ್ತಿರಲಿಲ್ಲ. ಬೆಳೆದ ಮೇಲೆ ಎದ್ದು ಕಾಣುತ್ತಿತ್ತು. ಹಾವಿಗೆ ಹೊರಗಿವಿ ಇಲ್ಲ, ಒಳಗಿವಿ ಇದೆ. ತಲೆ ನೆಟ್ಟಗಿದೆಯೋ ಮಗುಚಿದೆಯೋ ಎಂದು ಅದಕ್ಕೆ ಹೇಳುವುದು ಆ ಒಳಗಿವಿ. ಸೆರಗು ಹಾವಿನಲ್ಲಿ ಆ ಭಾಗ ಪೂರ್ತಿ ಬೆಳೆದಿರುತ್ತಿರಲಿಲ್ಲ. ಗಾಬರಿಯಾದಾಗ ಅದರ ತಲೆ ತಿರುಪಿನಂತೆ ತಿರುಗಿ ಗದ್ದ ಮೇಲಾಗುತ್ತಿತ್ತು. ದೂರುಗಳು ಬರತೊಡಗಿದವು.

ಸಾಧನಕೇರಿಯ ಹನುಮಂತರಾಯ ಗುಮಾಸ್ತೆ ಎಂಬ ನಿವೃತ್ತ ಸ್ಟೇಷನ್ ಮಾಸ್ತರರು ಒಂದು ಬೆಳಿಗ್ಗೆ ತಮ್ಮ ಹಾವನ್ನು ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಬಂದರು. ಹೆಂಡತಿ ತೀರಿಕೊಂಡ ಮೇಲೆ ಮೊಮ್ಮಕ್ಕಳು ಕೊಡಿಸಿದ ಹಾವದು. ಅವರು ಅದನ್ನು ತಂಗಿ ಎಂದು ಕರೆಯುತ್ತಿದ್ದರು.

"ಇದು ಇಲಿ ಹಿಡೀಲಿಕ್ಕೆ ಹೋಗ್ತದ್ರೀ ಮೇಡಂ, ಗುರಿ ತಪ್ಪತದ. ಮತ್ತ ಹೋಗ್ತದ, ಮತ್ತ ತಪ್ಪತದ. ಕಡೀಕ ಗಾಜಿಗೆ ಮೂತಿ ಬಡಕೋತದ. ನಿನ್ನೆ ರಕ್ತ ಬಂತು ನೋಡ್ರಿ."

"ಇಕ್ಕಳದಾಗ ಹಿಡದು ಬಾಯಿಗೇ ಮುಟ್ಟಸ್ರಿ. ತಗೋತೈತಿ."

"ಹಂಗ ಮಾಡೇ ಇಷ್ಟು ದಿವಸ ಉಣಿಸೀನಿ. ಈಗ ಅದರ ತಲೀನೂ ನಡಗತದ, ನನ್ನ ಕೈನೂ ನಡಗತದ. ಇಬ್ರೂ ಕೂಡೋದು ಭಾಳ ಹೊತ್ತಾಗ್ತದ." ಹೇಳಿ ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಇದಕ್ಕ ತ್ರಾಸ ಆಗ್ತದೇನ್ರೀ?"

"ಗೊತ್ತಿಲ್ರೀ."

"ನಿಮಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರತದ್ರೀ? ಹುಟ್ಟಿಸಿದವರು ನೀವು."

ಶಾಂಭವಿ ಹಾವಿನ ಮೂತಿಯ ಗಾಯಕ್ಕೆ ಮುಲಾಮು ಹಚ್ಚಿದಳು. ಒಂದು ಟ್ಯೂಬನ್ನು ಕೊಟ್ಟು ಕಳಿಸಿದಳು. ಅವರು ಬುಟ್ಟಿಯನ್ನು ಎದೆಗೆ ಅವಚಿಕೊಂಡು ಆಟೋ ಹತ್ತುವುದನ್ನು ಕಿಟಕಿಯಿಂದ ನೋಡಿ, ತಿರುಗಿ ಕೆಲಸಕ್ಕೆ ಕೂತಳು.

ಕೆಲಸವೆಂದರೆ ಆ ವರ್ಷ ಅದೇ ಆಗಿತ್ತು. ತಲೆ ಅಲ್ಲಾಡುವ ಸಾಕುಪ್ರಾಣಿಗಳ ಮಾರಾಟವನ್ನು ಸರ್ಕಾರ ನಿಲ್ಲಿಸುತ್ತದೆಂಬ ಸುದ್ದಿ ಹಬ್ಬಿತ್ತು. ನರೇಗಲ್ ಆಕೆಯನ್ನು ಕರೆಸಿ ಹೇಳಿದ್ದ: "ಮೇಡಂ, ಬಣ್ಣ ಇರಬೇಕು, ತಲಿ ಅಳ್ಳಾಡಬಾರದು. ಅದೊಂದು ಮಾಡಿಕೊಡ್ರಿ. ಯಂತ್ರ ಎಷ್ಟೇ ಆಗಲಿ ತರಸೂಣು."

ಯಂತ್ರ ಬಂತು. ಅದರ ಹೆಸರು ಕಸೂತಿ. ಹೆಣ್ಣು ಹಾವಿನ ಹೊಟ್ಟೆಯಲ್ಲಿ ತತ್ತಿಗಳು ಇನ್ನೂ ಚಿಪ್ಪು ಕಟ್ಟದೆ ಮಣಿಸರದಂತೆ ತೂಗುತ್ತಿರುವಾಗಲೇ ಕೂದಲಿಗಿಂತ ಸಣ್ಣ ಸೂಜಿಯನ್ನು ಒಂದೊಂದಕ್ಕೂ ಇಳಿಸಿ, ಜೀನ್‌ನ ಪಕ್ಕದಲ್ಲಿ ಬೇಕಾದ ಹೊಲಿಗೆ ಹಾಕುವ ಯಂತ್ರ. ಸೆರಗು ಜೀನ್ ಚರ್ಮದಲ್ಲಿ ತನ್ನ ಕೆಲಸ ಮಾಡಲಿ, ಕಿವಿಯ ಕಡೆ ಹೋಗದಿರಲಿ. ಅದಕ್ಕೆ ಒಂದು ಕಾವಲನ್ನು ಜೀನ್‌ಗೇ ಹೊಂದಿಸಿ ಹೊಲಿಯಬೇಕು. ಇದು ಶಾಂಭವಿಯ ಯೋಜನೆ.

ಈ ವಿಷಯವನ್ನು ಆಕೆಯಷ್ಟು ಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಕಾರಣ ಓದು ಮಾತ್ರವಲ್ಲ.

*

ಶಾಂಭವಿಯ ಮಗಳು ದಾಕ್ಷಾಯಣಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅವಳ ಹಣೆಯ ಮೇಲೂ ತಾಯಿಗಿದ್ದಂಥದೇ ಬಿಳಿ ಎಳೆ. ಒಂದು ಕಣ್ಣು ಕಪ್ಪು, ಇನ್ನೊಂದು ತಿಳಿನೀಲಿ. ಮಗು ಹಾಲು ಕುಡಿಯುತ್ತಿದ್ದಾಗಲೇ ವೈದ್ಯರೊಬ್ಬರು ಬಿಡಿಸಿ ಹೇಳಿದ್ದರು. ಗರ್ಭದಲ್ಲಿ ಬೆನ್ನಿನ ಗುಂಟ ಒಂದು ಪಟ್ಟಿ ಇರುತ್ತದೆ. ಮೈಗೆ ಬಣ್ಣ ಕೊಡುವ ಜೀವಕಣಗಳು ಅಲ್ಲಿಂದ ಹೊರಟು ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಹೋಗಿ ನೆಲೆ ನಿಲ್ಲುತ್ತವೆ. ಅದೇ ಗುಂಪಿನ ಕೆಲವು ಕಣಗಳು ಒಳಗಿವಿಗೂ ಹೋಗಬೇಕು. ಒಂದು ಜೀನ್ ಕೆಟ್ಟರೆ ಅವು ತಲುಪುವುದಿಲ್ಲ. ಎಲ್ಲಿ ತಲುಪಲಿಲ್ಲವೋ ಅಲ್ಲಿ ಬಿಳುಪು, ಅಥವಾ ಕಿವುಡು. ಒಂದೇ ಮನೆಯಲ್ಲಿ ತಾಯಿಗೆ ಬರೀ ಕೂದಲಲ್ಲಿ, ಮಗಳಿಗೆ ಕಿವಿಯಲ್ಲೂ. ಮುಂದಿನ ಮಗುವಿಗೂ ಅರ್ಧದಷ್ಟು ಸಾಧ್ಯತೆ.

ಶಾಂಭವಿ ಇನ್ನೊಂದು ಮಗುವನ್ನು ಹೆರಲಿಲ್ಲ. ಸಂಜ್ಞೆಯ ಭಾಷೆಯನ್ನು ಕಲಿತಳು, ಮಗಳ ಶಾಲೆಯಿದ್ದ ಓಣಿಗೆ ಮನೆ ಬದಲಿಸಿದಳು, ಆ ಕಣಗಳ ಪಯಣವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಳು. ದಾಕ್ಷಾಯಣಿ ಬೆಳೆದು ಗುರುಶಾಂತನನ್ನು ಮದುವೆಯಾದಳು. ಅವನಿಗೆ ಎಳವೆಯಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಸಪ್ತಾಪುರದಲ್ಲಿ ಇಬ್ಬರೂ ಕೂಡಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದರು. ಪಾಟೀಲರೆಂಬ ಗಿರಾಕಿಯ ಮನೆಯ ಮೂರು ತಲೆಮಾರಿನ ಫೋಟೋಗಳನ್ನು ಒಂದೇ ಕಟ್ಟಿನಲ್ಲಿ ಕೂರಿಸಿದ್ದು ತಾನೆಂದು ದಾಕ್ಷಾಯಣಿ ಎಲ್ಲರಿಗೂ ಹೇಳುತ್ತಿದ್ದಳು.

ಒಂದು ಭಾನುವಾರ ಊಟಕ್ಕೆ ಬಂದವಳು ಜುನಕದ ವಡೆ ಮುರಿಯುತ್ತ, ನಡುವೆ ಕೈ ಒರೆಸಿಕೊಂಡು ಸಂಜ್ಞೆಯಲ್ಲಿ ಹೇಳಿದಳು: "ಅವ್ವ, ನಾವು ಕೂಸು ಬೇಕಂತ ಮಾಡೇವಿ."

ಶಾಂಭವಿಯ ಗಂಡ ಚನ್ನವೀರಪ್ಪ ಔಷಧದ ಅಂಗಡಿಯವರು. ಅಡುಗೆಮನೆಯ ಜವಾಬ್ದಾರಿಯೂ ಅವರದೇ. ಸಾರಿನ ಸೌಟನ್ನು ಹಿಡಿದುಕೊಂಡೇ ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದರು. ಸಾರು ತೋಳಿಗೆ ಇಳಿಯಿತು. ಗುರುಶಾಂತ ನಕ್ಕ.

ಶಾಂಭವಿ ಮಾತ್ರ ಕೈ ಎತ್ತಿ ಕೇಳಿದಳು: "ಒಂದು ಸ್ವಲ್ಪ ದಿನ ತಡೀತೀ?"

"ಯಾಕ?"

"ನನ್ನ ಕೆಲಸಾ ಒಂದು ಮುಗಿಲಿ."

ದಾಕ್ಷಾಯಣಿ ತಾಯಿಯ ಮುಖವನ್ನೇ ನೋಡಿದಳು. ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಕೆಲವು ವರ್ಷಗಳಿಂದ ಹಾಗೇ ಇತ್ತು.

*

ಕಸೂತಿ ಹಾಕಿದ ಹೆಣ್ಣು ಹಾವು ಮೊಟ್ಟೆಯಿಟ್ಟಿತು. ಎರಡು ತಿಂಗಳ ಕಾವು ಮುಗಿದ ಮೇಲೆ ಮರಿಗಳು ಚಿಪ್ಪು ಸೀಳಿ ಮೂತಿ ಹೊರಗಿಟ್ಟವು. ಶಾಂಭವಿ ಒಂದೊಂದನ್ನೇ ಎತ್ತಿ ನೀರಲ್ಲಿ ತೊಳೆದು ಬಿಳಿ ತಟ್ಟೆಯಲ್ಲಿಟ್ಟಳು. ಎಲ್ಲವೂ ಕಂದು.

ನರೇಗಲ್ ಬಾಗಿ ನೋಡಿದ. "ಬಣ್ಣ ಎಲ್ಲಿ ಮೇಡಂ?"

"ಇದರಾಗ ಅರ್ಧ ಮರಿಗೆ ಸೆರಗು ಜೀನ್ ಐತ್ರಿ. ಓದಿ ನೋಡೇನಿ. ಕಾವಲನೂ ಐತಿ."

"ಇದ್ರ ಕಾಣಬೇಕಲ್ರೀ?"

ಆಕೆ ಮರಿಯೊಂದರ ಮುಂದೆ ಬೆರಳನ್ನು ನಿಧಾನವಾಗಿ ಆಚೀಚೆ ಆಡಿಸಿದಳು. ಮರಿಯ ತಲೆ ಬೆರಳಿನ ಹಿಂದೆ ನೇರವಾಗಿ ಸರಿಯಿತು. ಎಲ್ಲೂ ನಡುಗಲಿಲ್ಲ.

"ತಲಿ ನೆಟ್ಟಗೈತಿ," ಅಂದಳು. "ಬಣ್ಣ ಹೋಗೇತಿ. ಎರಡನ್ನೂ ಬಿಡಿಸಾಕ ಬರೂದಿಲ್ರಿ. ಆ ಬಿಳಿ ಗೋಪುರ ಐತೆಲ್ಲಾ, ಅದು ಯಾರೂ ಬರದದ್ದಲ್ಲ. ಕಣಗಳು ತಡಾ ಮಾಡಿ ಹೊಂಟು, ಅಲ್ಲಿತನಕ ಮುಟ್ಟಲಾರದಕ ಉಳಿದ ಖಾಲಿ ಜಾಗ. ಕಿವ್ಯಾಗೂ ಅದೇ ಖಾಲಿ. ಹೊತ್ತಿಗೆ ಸರಿಯಾಗಿ ಹೊರಡಿಸಿದ್ರ ಎರಡೂ ಕಡೆ ಮುಟ್ಟತಾವು. ಆಗ ಕಿವಿ ಬರತೈತಿ, ಚಿತ್ತಾರ ಹೋಗತೈತಿ."

ನರೇಗಲ್ ಕುರ್ಚಿ ಎಳೆದುಕೊಂಡು ಕುಳಿತ. ಅವನು ಕೆಟ್ಟವನಲ್ಲ, ದೀಪಾವಳಿಗೆ ಎಲ್ಲರ ಮನೆಗೂ ತಾನೇ ಹೋಗಿ ಫರಾಳದ ತಿಂಡಿ ಕೊಟ್ಟು ಬರುತ್ತಿದ್ದ. ಕೊನೆಗೆ ಹೇಳಿದ: "ಹಂಗಾದ್ರ ತಲಿ ಅಳ್ಳಾಡ್ಲಿ ಬಿಡ್ರಿ. ನಾಟ್ಯದ ಹಾವು ಅಂತ ಮಾರೂಣು. ಜನ ಒಪ್ಪತಾರ. ಸರ್ಕಾರದ್ದು ನಾ ನೋಡಕೋತೀನಿ. ಇವನ್ನ ಎಲ್ಲಾ ವಿಲೇವಾರಿ ಮಾಡಿಬಿಡ್ರಿ."

"ಇನ್ನೊಂದಿಷ್ಟು ದಿನ ಇಟ್ಟು ನೋಡತೀನ್ರಿ."

"ನೋಡ್ರಿ." ಅವನು ಎದ್ದವನು ಬಾಗಿಲ ಹತ್ತಿರ ನಿಂತ. "ಮೇಡಂ, ನಿಮಗ ಇನ್ನೊಂದು ಹೇಳಬೇಕಂತ ಮಾಡಿದ್ದೆ. ಪರದೇಶದ ಕ್ಲಿನಿಕ್ ಒಂದು ನನ್ನ ಸಂಪರ್ಕಕ್ಕ ಬಂದೈತಿ. ಈ ಹೊಲಿಗಿ ಮನುಷ್ಯಾರ ತತ್ತಿಗೆ ಹಾಕಾಕ ಆಗತೈತೇನು ಅಂತ ಕೇಳ್ಯಾರ. ನಮಗ ಬಣ್ಣ ಹೋದ್ರ ನಷ್ಟ, ಅವರಿಗೆ ಕಿವಿ ಬಂದ್ರ ಸಾಕಾಗೇತಿ. ನಿಮ್ಮ ಮಗಳ ಹೆಸರು ಮೊದಲ್ನೇದು ಇರಲಿ ಅಂತ ಹೇಳೇನಿ."

ಅವನು ಹೋದ ಮೇಲೆ ಶಾಂಭವಿ ತಟ್ಟೆಯ ಮುಂದೆ ನಿಂತಳು. ಇಪ್ಪತ್ತೈದು ವರ್ಷ ಇದಕ್ಕಾಗಿ ಓದಿದ್ದಳು. ಇಂದು ಅದು ಕಣ್ಣ ಮುಂದೆ ಉಸಿರಾಡುತ್ತಿತ್ತು. ಕೈ ಮೇಲೆತ್ತಿ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಎಂದಿನ ಹಾಗೇ ಇತ್ತು. ಖುಷಿ ಎಲ್ಲೋ ಹಿಂದೆ ಉಳಿದಿರಬೇಕು, ನಾಳೆ ಬಂದೀತು ಎಂದುಕೊಂಡು ಕೈ ತೊಳೆದುಕೊಂಡಳು. ಮರುದಿನವೂ ಬರಲಿಲ್ಲ.

*

ತಾಯಿ ಹೇಳಿದ್ದನ್ನು ದಾಕ್ಷಾಯಣಿ ಪೂರ್ತಿ ನೋಡಿಕೊಂಡಳು. ತತ್ತಿ ತೆಗೆಯುವುದು, ಹೊಲಿಗೆ ಹಾಕುವುದು, ಆಮೇಲೆ ಗರ್ಭಕ್ಕೆ ಸೇರಿಸುವುದು. ಮಗುವಿಗೆ ಬಿಳಿ ಎಳೆ ಇರುವುದಿಲ್ಲ, ಎರಡೂ ಕಣ್ಣು ಕಪ್ಪಾಗಿರುತ್ತವೆ, ಕಿವಿ ಕೇಳುತ್ತದೆ. ತಾಯಿಯ ಕೈಗಳು ಒಂದೂ ತಪ್ಪಿಲ್ಲದೆ, ಪಾಠ ಒಪ್ಪಿಸುವಂತೆ ಹೇಳಿ ಮುಗಿಸಿದವು.

"ಆ ಹಾವು ನೋಡಬೇಕು ನಾನು," ಎಂದಳು ದಾಕ್ಷಾಯಣಿ.

ಬುಧವಾರ ಮಧ್ಯಾಹ್ನ ಗುರುಶಾಂತನಿಗೆ ಅಂಗಡಿ ಬಿಟ್ಟು ಬಂದಳು. ಅದು ಹಾವುಗಳಿಗೆ ಆಹಾರ ಕೊಡುವ ದಿನ. ಶಾಂಭವಿ ಅವಳಿಗೆ ಬಿಳಿ ಕೋಟು ಹಾಕಿಸಿ ಎರಡನೆಯ ಹಾಲ್‌ಗೆ ಕರೆದುಕೊಂಡು ಹೋದಳು. ಗೋಡೆಯ ಗುಂಟ ಗಾಜಿನ ಪೆಟ್ಟಿಗೆಗಳು, ಒಳಗೆ ಮಂದ ಬೆಳಕು, ಬೆಳಕಿನಲ್ಲಿ ಕೆಂಪು ಬಿಳಿಯ ಸುರುಳಿಗಳು. ದಾಕ್ಷಾಯಣಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಷ್ಟು ಚಂದವಿದ್ದವು.

ಶಾಂಭವಿ ಮೊದಲ ಪೆಟ್ಟಿಗೆಯಲ್ಲಿ ಬೆಚ್ಚಗಿನ ಇಲಿಯನ್ನು ಇಟ್ಟಳು. ಹಾವು ತಲೆ ಎತ್ತಿತು. ನಾಲಿಗೆ ಚಾಚಿತು. ಎರಗಿತು, ಇಲಿಯಿಂದ ಬೆರಳುದ್ದ ಆಚೆ ಬಿದ್ದಿತು. ತಲೆ ಸುತ್ತು ತಿರುಗಿ ಗದ್ದ ಮೇಲಾಯಿತು. ತನ್ನನ್ನು ತಾನೇ ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಎರಗಿತು. ಈ ಸಲ ನೀರಿನ ಬಟ್ಟಲಿಗೆ ಬಡಿಯಿತು. ಮೂರನೆಯ ಸಲ ತನ್ನದೇ ಮೈಯನ್ನು ಕಚ್ಚಿಕೊಂಡು ಬಿಟ್ಟಿತು.

ಪಕ್ಕದ ಕೋಣೆಯ ಕಂದು ಮರಿಗಳು ಒಂದೊಂದು ಏಟಿಗೇ ತಮ್ಮ ಪಾಲನ್ನು ಹಿಡಿದು ಸುತ್ತಿಕೊಂಡವು.

ದಾಕ್ಷಾಯಣಿ ಎರಡೂ ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತಿದ್ದಳು. "ನೀ ಹೇಳಿದ್ದು ಈ ಕಂದು ಇದ್ದವು?"

"ಹೌದು."

"ಆ ಕೆಂಪು ಇದ್ದವು ನಾನು?"

ಶಾಂಭವಿ ಕೈಯಲ್ಲಿದ್ದ ಇಕ್ಕಳವನ್ನು ಪೆಟ್ಟಿಗೆಯ ಮೇಲೆ ಇಟ್ಟಳು.

ದಾಕ್ಷಾಯಣಿಯ ಕೈಗಳು ಕೋಪದಲ್ಲಿ ದೊಡ್ಡದಾಗುತ್ತಿದ್ದವು, ಚಿಕ್ಕಂದಿನಿಂದಲೂ ಹಾಗೆ. ಈಗ ಅವು ಎದೆಯ ಹತ್ತಿರವೇ, ಸಣ್ಣಗೆ ಆಡಿದವು. "ಅವ್ವ, ಅದಕ್ಕ ತಿನ್ನಾಕ ಬರವಲ್ದು. ನಾ ದಿನಾ ಉಣ್ಣತೀನಿ."



"ನಾ ದುಡೀತೀನಿ. ಗುರುಶಾಂತನ ಜೋಡಿ ಜಗಳಾ ಮಾಡತೀನಿ. ನಗತೀನಿ. ನಿನಗೇನು ತ್ರಾಸ ಐತಿ ಅಂತ ನನ್ನ ಒಮ್ಮೆನರ ಕೇಳೀಯೇನು? ಡಾಕ್ಟರ್ನ ಕೇಳಿದಿ. ಪುಸ್ತಕದಾಗ ನೋಡಿದಿ." ಅವಳು ತಿರುಗಿ ಕೆಂಪು ಹಾವಿನ ಕಡೆ ಬೆರಳು ತೋರಿಸಿದಳು. "ತ್ರಾಸ ಇರೂದು ಇದಕ್ಕ. ಇದನ್ನ ಮತ್ತ ಮತ್ತ ಹುಟ್ಟಸಾಕತ್ತೀ. ನನ್ನ ಕೂಸಿನ್ನ ರಿಪೇರಿ ಮಾಡತೀನಿ ಅಂತೀ."

ಹಾವು ಐದನೆಯ ಸಲ ಎರಗಿತು. ತಪ್ಪಿತು. ದಾಕ್ಷಾಯಣಿ ಪೆಟ್ಟಿಗೆಯ ಬಾಗಿಲು ಸರಿಸಿ, ಅಲ್ಲೇ ಇದ್ದ ಇಕ್ಕಳದಿಂದ ಇಲಿಯನ್ನು ಎತ್ತಿ ಅದರ ತುಟಿಗೆ ಮುಟ್ಟಿಸಿ ಹಿಡಿದಳು. ಅವಳಿಗೆ ಹಾವೆಂದರೆ ಹೆದರಿಕೆ. ಆದರೂ ಹಾವು ಹಿಡಿಯುವವರೆಗೂ ಬಿಡಲಿಲ್ಲ. ಹಿಡಿದ ಮೇಲೆ ಕೋಟು ತೆಗೆದು ಗೂಟಕ್ಕೆ ನೇತುಹಾಕಿ, ಬಸ್ಸು ಹಿಡಿದು ಹೋದಳು.

*

ಜೋಡಿ ಮಾಡುವ ಕಾಲ ಬಂದಾಗ ಶಾಂಭವಿ ಎರಡನೆಯ ಹಾಲ್‌ನ ಹೆಣ್ಣುಗಳನ್ನು ಒಂದೊಂದಾಗಿ ಕಸೂತಿ ಯಂತ್ರದ ಮೇಜಿಗೆ ತಂದಳು. ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಹಾಡುಹಗಲು, ಎಲ್ಲರ ಕಣ್ಣೆದುರೇ ಮಾಡಿದಳು. ಯಂತ್ರ ಆಕೆಯದು, ಹಾಲ್ ಆಕೆಯದು. ಪರೀಕ್ಷೆ ಮುಂದುವರಿದಿದೆ ಎಂದು ಸಹಾಯಕರು ತಿಳಿದರು. ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹಾವಿಗೆ ಮಂಪರು ಕೊಡುವುದು, ಹೊಟ್ಟೆಯ ಮೇಲೆ ಸಣ್ಣ ಸೀಳು, ಪರದೆಯ ಮೇಲೆ ಹಳದಿ ಮಣಿಗಳ ಸಾಲು, ಸೂಜಿ. ಇದ್ದ ತತ್ತಿಗಳಿಗೆಲ್ಲ ಕಾವಲು, ಎಳೆಯ ತತ್ತಿಗಳು ಹುಟ್ಟುವ ಪದರಕ್ಕೂ ಕಾವಲು. ಹೊಲಿಗೆ ಜೀನ್‌ಗೆ ಅಂಟಿಕೊಂಡೇ ಇರುವುದರಿಂದ ಅವೆರಡೂ ಇನ್ನು ಎಂದಿಗೂ ಬೇರೆಯಾಗವು. ಜೀನ್ ಹೋದಲ್ಲೆಲ್ಲ ಕಾವಲೂ ಹೋಗುತ್ತದೆ. ಸೆರಗಿಗೆ ಅಡಗಿ ಕೂರುವುದು ಗೊತ್ತಿರಲಿಲ್ಲ; ಈಗ ಅದು ಯಾವತ್ತೂ ಹೊರಗೆ ಬಾರದಂತೆ ಅಡಗಿತು.

ಸೇಡು ತೀರಿಸಿಕೊಂಡಂತಾಗಲೀ ಪುಣ್ಯ ಕಟ್ಟಿಕೊಂಡಂತಾಗಲೀ ಆಕೆಗೆ ಅನ್ನಿಸಲಿಲ್ಲ. ಕೊನೆಯ ಹಾವಿನ ಸೀಳಿಗೆ ಹೊಲಿಗೆ ಹಾಕಿ, ದೀಪ ಆರಿಸಿ, ಮನೆಗೆ ಹೋಗಿ ಗಂಡ ಮಾಡಿದ ಅವಲಕ್ಕಿ ತಿಂದಳು.

ಮೊಟ್ಟೆಗಳು ಒಡೆಯುವ ವಾರ ಬಣ್ಣದಮನೆಯಲ್ಲಿ ದೊಡ್ಡ ಗಿರಾಕಿಗಳನ್ನು ಕರೆಸಿ ತೋರಿಸುವ ಪದ್ಧತಿಯಿತ್ತು. ಮೊದಲ ಬುಟ್ಟಿಯಲ್ಲಿ ಎಲ್ಲ ಕಂದು. ಹೀಗೂ ಆಗುತ್ತದೆ ಎಂದು ನರೇಗಲ್ ನಕ್ಕ. ಎರಡನೆಯದೂ ಕಂದು. ನಾಲ್ಕನೆಯ ಬುಟ್ಟಿಯ ಹೊತ್ತಿಗೆ ಅವನು ಗಿರಾಕಿಗಳನ್ನು ಚಹಾಕ್ಕೆ ಕಳಿಸಿ ಬಾಗಿಲು ಹಾಕಿದ.

"ಏನ್ ಮಾಡೀರಿ ಮೇಡಂ?"

"ಎಲ್ಲಾಕೂ ಕಾವಲು ಹಾಕೇನ್ರಿ."

"ಎಲ್ಲಾಕೂ?"

"ಹೌದ್ರಿ. ಇನ್ನ ಸೆರಗು ಹುಟ್ಟೂದಿಲ್ಲ."

ಅವನು ಬೈಯುತ್ತಾನೆಂದು ಆಕೆ ಕಾದಳು. ಅವನು ಮೇಜಿನ ಅಂಚು ಹಿಡಿದುಕೊಂಡು ನಿಂತ. ಅವನ ಕಣ್ಣಲ್ಲಿ ನೀರಿತ್ತು. "ಯಾಕ್ರೀ? ನಿಮಗ ನಾ ಏನ್ ಕಡಿಮಿ ಮಾಡಿದ್ದೆ?"

"ನೀವೇನೂ ಮಾಡಿಲ್ರಿ. ಅವಕ್ಕ ತಿನ್ನಾಕ ಬರತಿರಲಿಲ್ಲ."

"ಇಷ್ಟ ವರ್ಷ ಬರತಿರಲಿಲ್ಲ. ಇವತ್ತ ಗೊತ್ತಾತೇನು ನಿಮಗ?"



ಅಂದೇ ಆಕೆಯನ್ನು ಕೆಲಸದಿಂದ ತೆಗೆದರು. ಸಂಸ್ಥೆ ಕೋರ್ಟಿಗೆ ಹೋಯಿತು; ಆ ವ್ಯಾಜ್ಯ ಬಹಳ ಕಾಲ ಎಳೆಯಿತು. ಬೇರೆ ಯಾವ ಪ್ರಯೋಗಾಲಯವೂ ಆಕೆಗೆ ಬಾಗಿಲು ತೆರೆಯಲಿಲ್ಲ. ಪರದೇಶದ ಕ್ಲಿನಿಕ್ ಕಸೂತಿಯ ವಿಧಾನವನ್ನು ಬೇರೆಯವರಿಂದ ಕಲಿತು ಕೆಲಸ ಶುರುಮಾಡಿತೆಂದು ಪತ್ರಿಕೆಯಲ್ಲಿ ಬಂತು. ಬಣ್ಣದಮನೆ ಒಂದು ವರ್ಷ ಒದ್ದಾಡಿ, ಆಮೇಲೆ ಬೂದಿಬಣ್ಣದ ಹೊಸ ತಳಿಯೊಂದನ್ನು ಮಾರಾಟಕ್ಕೆ ತಂದಿತು. ಜನಕ್ಕೆ ಅದೂ ಹಿಡಿಸಿತು. ಆ ವಾರ ಹುಟ್ಟಿದ ಕಂದು ಮರಿಗಳನ್ನೆಲ್ಲ ಏನು ಮಾಡಿದರೆಂದು ಶಾಂಭವಿ ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಎಷ್ಟೋ ವರ್ಷ ಆ ಕೆಲಸವನ್ನು ಆಕೆಯೇ ಮಾಡಿದ್ದಳು. ಈ ಸಲ ಇನ್ನಾರೋ ಮಾಡಿರುತ್ತಾರೆ. ಅವುಗಳ ತಲೆ ನೆಟ್ಟಗಿತ್ತು.

ಮಾರಾಟವಾಗಿ ಹೋದ ಸೆರಗು ಹಾವುಗಳು ಮಾತ್ರ ಊರೂರಿನ ಮನೆಗಳಲ್ಲಿ ತಲೆಯಾಡಿಸುತ್ತ ಉಳಿದಿದ್ದವು. ಶಾಂಭವಿ ವಾರಕ್ಕೊಮ್ಮೆ ಸಾಧನಕೇರಿಗೆ ನಡೆದು ಹೋಗಿ ಹನುಮಂತರಾಯರ ಹಾವು ತಂಗಿಗೆ ಉಣಿಸಿ ಬರತೊಡಗಿದಳು. ಮೊದಲ ಸಲ ಬಾಗಿಲಲ್ಲಿ ಕಂಡಾಗ ಅವರಿಗೆ ಆಶ್ಚರ್ಯವಾಗಿತ್ತು.

"ಕೆಲಸಾ ಬಿಟ್ರಂತಲ್ರೀ?"

"ಬಿಡಿಸಿದ್ರು."

"ಮತ್ತ ಇದು?"

"ಇದು ಇದ್ದೇ ಐತೆಲ್ರೀ." ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು. "ನೀವು ಅವತ್ತ ಕೇಳಿದ್ರಿ. ತ್ರಾಸ ಆಗತೈತಿ ಇದಕ್ಕ."

ಹನುಮಂತರಾಯರು ಇಕ್ಕಳವನ್ನು ತಂದುಕೊಟ್ಟರು. ಆಕೆ ಉಣಿಸುವಷ್ಟು ಹೊತ್ತು ಅವರು ಹಾವಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದರು. ಹಾಗಿಟ್ಟರೆ ತಲೆ ಸ್ವಲ್ಪ ಕಡಿಮೆ ಅಲ್ಲಾಡುತ್ತದೆಂದು ಅವರ ನಂಬಿಕೆ. ಅದು ನಿಜವೇ ಆಗಿತ್ತು.

*

ದಾಕ್ಷಾಯಣಿಗೆ ಹೆಣ್ಣು ಮಗು ಹುಟ್ಟಿತು. ಯಾವ ಹೊಲಿಗೆಯನ್ನೂ ಹಾಕಿಸಿರಲಿಲ್ಲ, ಯಾವ ಜೀನನ್ನೂ ಓದಿಸಿರಲಿಲ್ಲ. ಬಾಣಂತನಕ್ಕೆ ತವರಿಗೇ ಬಂದಳು. ಆ ಬುಧವಾರದ ಮಾತನ್ನು ತಾಯಿ ಮಗಳು ಮತ್ತೆ ಆಡಿರಲಿಲ್ಲ. ಶಾಂಭವಿ ಮಗುವಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಗಳ ತಲೆಗೆ ಧೂಪ ಹಾಕುತ್ತಿದ್ದಳು. ಕೈಗಳು ಎಲ್ಲ ಕೆಲಸವನ್ನೂ ಮಾಡಿದವು. ಮಗುವಿನ ತಲೆತುಂಬ ಕಪ್ಪು ಕೂದಲಿತ್ತು. ಕಣ್ಣಿನ ಬಣ್ಣ ಇನ್ನೂ ನಿಂತಿರಲಿಲ್ಲ, ಎಳೆಕೂಸುಗಳ ಕಣ್ಣಿನಂತೆ ಮಸುಕು ಮಸುಕಾಗಿತ್ತು. ಕಿವಿಯ ಪರೀಕ್ಷೆ ಯಾವಾಗ ಮಾಡಿಸುವುದೆಂದು ಚನ್ನವೀರಪ್ಪ ಒಮ್ಮೆ ಕೇಳಿದ್ದರು. ಅವಸರವಿಲ್ಲ ಎಂದಿದ್ದಳು ದಾಕ್ಷಾಯಣಿ.

ಒಂದು ಮುಂಜಾನೆ ದಾಕ್ಷಾಯಣಿ ನೆಲದ ಮೇಲೆ ಹಾಸಿದ ಕೌದಿಯಲ್ಲಿ ಒರಗಿ ಕುಳಿತಿದ್ದಳು. ಮಗು ಅವಳ ಪಕ್ಕದಲ್ಲಿ ಎಚ್ಚರವಾಗಿತ್ತು. ಬಿಸಿಲಲ್ಲಿ ಕಾಲು ಝಾಡಿಸುತ್ತ ಸೂರು ನೋಡುತ್ತಿತ್ತು. ಶಾಂಭವಿ ಎದುರಿಗೆ ಕುಳಿತು ಲಂಗೋಟಿಗಳನ್ನು ಮಡಚುತ್ತಿದ್ದಳು. ಅಡುಗೆಮನೆಯಲ್ಲಿ ಚನ್ನವೀರಪ್ಪನವರ ಕೈತಪ್ಪಿ ಹಿತ್ತಾಳೆಯ ದೊಡ್ಡ ಬೋಗುಣಿ ಕಲ್ಲಿನ ನೆಲಕ್ಕೆ ಬಿತ್ತು. ಬಿದ್ದು ಉರುಳಿ ಗೋಡೆಗೆ ಬಡಿದು ಗಿರ್ರನೆ ತಿರುಗಿತು.

ಮಗು ಬೆಚ್ಚಲಿಲ್ಲ. ಕಾಲು ಆಡಿಸುವುದನ್ನೂ ನಿಲ್ಲಿಸಲಿಲ್ಲ.

ದಾಕ್ಷಾಯಣಿಗೆ ನೆಲದ ಅದುರು ತಿಳಿದಿತ್ತು. ತಲೆಯೆತ್ತಿ ಕೇಳಿದಳು: "ಏನ್ ಬಿತ್ತು?"

"ಬೋಗುಣಿ."

"ಭಾಳ ಸಪ್ಪಳಾತೇನು?"

"ಭಾಳ."

ದಾಕ್ಷಾಯಣಿ ಮಗುವನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. ತಿಳಿಯಿತು. ಮಗುವಿನ ಮೇಲೆ ಬಾಗಿ, ಅದರ ಕಣ್ಣಿಗೆ ಕಾಣುವಷ್ಟು ಹತ್ತಿರ ತನ್ನ ಕೈ ತಂದು, ನಿಧಾನವಾಗಿ ಒಂದು ಸಂಜ್ಞೆ ಮಾಡಿದಳು: ಬೋಗುಣಿ. ಇನ್ನೊಮ್ಮೆ ಮಾಡಿದಳು. ಮಗು ಕಾಲಾಡಿಸುವುದನ್ನು ನಿಲ್ಲಿಸಿ ಆ ಕೈಯನ್ನೇ ನೋಡತೊಡಗಿತು.

ಶಾಂಭವಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಆಕೆಯ ಎದೆ ಹೊಡೆದುಕೊಳ್ಳುತ್ತಿತ್ತು. ಬೋಗುಣಿಯ ಸಪ್ಪಳಕ್ಕೆ ಆ ಕೋಣೆಯಲ್ಲಿ ಬೆಚ್ಚಿಬಿದ್ದವಳು ತಾನೊಬ್ಬಳೇ ಎಂದು ಆಕೆಗೆ ಹೊಳೆಯಿತು. ಬಾಗಿಲಲ್ಲಿ ಚನ್ನವೀರಪ್ಪ ಬಂದು ನಿಂತು, "ಕೂಸಿಗೇನೂ ಆಗಲಿಲ್ಲಲಾ?" ಎಂದು ಕೇಳಿದ್ದಕ್ಕೆ ಆಕೆ ಏನೋ ಹೇಳಹೋದಳು. ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ತಡೆಯಲಾರದೆ, ಜೋರಾಗಿ ಅತ್ತಳು.

ದಾಕ್ಷಾಯಣಿಗೂ ಮಗುವಿಗೂ ಆ ಸದ್ದು ತಿಳಿಯಲಿಲ್ಲ. ಅವರಿಬ್ಬರೂ ಬೋಗುಣಿಯ ಸಂಜ್ಞೆಯಲ್ಲೇ ಇದ್ದರು.